ವಾರ್ಷಿಕ ಪರಾಮರ್ಶೆಯಲ್ಲಿ ಹೊರಗಿನವರ ಸ್ಥಾನ

ಬಡ ದೇಶಗಳಲ್ಲಿ ಪರರ ಹಣದ ನೆರವಿನಿಂದ ನಡೆಯುವ ಕಾರ್ಯಕ್ರಮಗಳು, ಅವು ಆರೋಗ್ಯದವಾಗಲಿ, ಕುಡಿಯುವ ನೀರಿನವಾಗಲಿ, ಬೇಸಾಯದವಾಗಲಿ, ವರ್ಷಕ್ಕೊಮ್ಮೆ ತಮ್ಮ ಕೆಲಸದ ಹಿಂದುಮುಂದನ್ನು ತಾವೇ ನೋಡಿಕೊಳ್ಳುವ ಪದ್ಧತಿ ಈಗ ಎಲ್ಲೆಡೆಯೂ ರೂಢಮೂಲವಾಗಿದೆ. ಕಳೆದ ವರ್ಷ ಕೈಗೂಡಿದ್ದೇನು, ಕೈತಪ್ಪಿದ್ದೇನು ಎಂಬುದನ್ನು ಎರಡು ಮೂರು ದಿನ ಒಟ್ಟಿಗೆ ಕುಳಿತು ವಿಚಾರಮಾಡಿ, ಅದರ ಆಧಾರದ ಮೇಲೆ ಬರುವ ವರ್ಷದ ಕಾರ್ಯಯೋಜನೆಯನ್ನೂ ಆಯವ್ಯಯವನ್ನೂ ಸಿದ್ಧಪಡಿಸುವುದು ಈ ಸಭೆಯ ಉದ್ದೇಶ. ಸಭೆಯನ್ನು ನಡೆಸಿಕೊಡುವುದಕ್ಕಾಗಿ ಸಂಸ್ಥೆಗೆ ಸೇರದ ಸಲಹೆಗಾರರೊಬ್ಬರನ್ನು ಸಂಭಾವನೆಯ ಮೇಲೆ ಗೊತ್ತುಮಾಡಿಕೊಳ್ಳುವುದೂ ಅಷ್ಟೇ ರೂಢವಾಗಿದೆ. ತಮ್ಮ ಕೆಲಸವನ್ನು ತಾವು ಬಲ್ಲವರು, ಅದನ್ನು ಕುರಿತು ತಮ್ಮತಮ್ಮೊಳಗೆ ಮಾತಾಡಿಕೊಳ್ಳುವುದಕ್ಕೆ ಪರರೊಬ್ಬರನ್ನು ಹಣ ಕೊಟ್ಟು ಕರೆತರುವುದು ಯುಕ್ತವೇ ಎಂಬ ಪ್ರಶ್ನೆ ಮೇಲುನೋಟಕ್ಕೆ ಕಚೇರಿಯ ಒಂದು ಸಣ್ಣ ವ್ಯವಹಾರದಂತೆ ತೋರಬಹುದು. ಆದರೆ ಬಡವರ ಹೆಸರಿನಲ್ಲಿ ಸಂಗ್ರಹಿಸಿದ ಹಣದಲ್ಲಿ ನಡೆದ ತಪ್ಪುಗಳು ಬೆಳಕಿಗೆ ಬರುವುದಕ್ಕೆ ವರ್ಷದಲ್ಲಿ ಇರುವ ಅವಕಾಶ ಬಹುಮಟ್ಟಿಗೆ ಇದೊಂದೇ ಆದಕಾರಣ, ಆ ಅವಕಾಶ ಯಾರ ಕೈಯಲ್ಲಿದೆ, ಯಾವ ಕಟ್ಟುಪಾಡಿಗೆ ಒಳಪಟ್ಟಿದೆ ಎಂಬುದು ಲಘುವಾದ ವಿಷಯವಲ್ಲ.

ಹೊರಗಿನವರ ಅಗತ್ಯವೇನೆಂಬುದು ಇಂಥ ಸಭೆಯನ್ನು ಸಮೀಪದಿಂದ ಕಂಡವರಿಗೆ ಬೇಗ ತಿಳಿಯುತ್ತದೆ. ತರಬೇತಿ ಭವನದ ಗೋಡೆಗೆ ಚಾರ್ಟ್ ಹಾಳೆಗಳನ್ನು ಅಂಟಿಸಿರುತ್ತಾರೆ. ಮೊದಲ ಸಾಲಿನಲ್ಲಿ ಕಾರ್ಯಕ್ರಮದ ನಿರ್ದೇಶಕರು, ಲೆಕ್ಕಪತ್ರದ ಅಧಿಕಾರಿ, ದಾನಿ ಸಂಸ್ಥೆಯ ಪ್ರತಿನಿಧಿ. ಕೊನೆಯ ಸಾಲಿನಲ್ಲಿ, ಬಾಗಿಲ ಬಳಿ, ಹಳ್ಳಿಹಳ್ಳಿ ಸುತ್ತುವ ಕಾರ್ಯಕರ್ತೆಯರು. ಹಾಕಿಸಿದ ಕೈಪಂಪುಗಳಲ್ಲಿ ಎಷ್ಟು ಈಗಲೂ ನೀರು ಕೊಡುತ್ತಿವೆ ಎಂದು ನಿರ್ದೇಶಕರೇ ಕೇಳಿದರೆ, ಉತ್ತರ ಬಲ್ಲ ಕಾರ್ಯಕರ್ತೆ ತನ್ನ ಮೇಲ್ವಿಚಾರಕರ ಮುಖ ನೋಡುತ್ತಾಳೆ. ಮೇಲ್ವಿಚಾರಕರು ವರದಿಯಲ್ಲಿರುವ ಅಂಕಿಯನ್ನು ಓದಿ ಹೇಳುತ್ತಾರೆ. ಆ ಅಂಕಿ ಹಾಳೆಯ ಮೇಲೆ ಬರೆಯಲ್ಪಡುತ್ತದೆ. ಅದೇ ಪ್ರಶ್ನೆಯನ್ನು, ಆ ಸಂಸ್ಥೆಯಲ್ಲಿ ಯಾರಿಗೂ ಬಡ್ತಿ ಕೊಡಲಾರದ, ಯಾರನ್ನೂ ವರ್ಗ ಮಾಡಲಾರದ ಒಬ್ಬರು ಕಾರ್ಯಕರ್ತೆಯರನ್ನು ಪ್ರತ್ಯೇಕವಾಗಿ ಕೂಡಿಸಿಕೊಂಡು ಕೇಳಿದರೆ, ಪಂಪಿನ ವಾಷರ್ ಸವೆದು ತಿಂಗಳುಗಳಾದುವೆಂದೂ, ಬಿಡಿಭಾಗ ದೊರೆಯುವ ಅಂಗಡಿ ಬಹುದೂರವೆಂದೂ, ಹೆಂಗಸರು ಮತ್ತೆ ಹಳೆಯ ಕೊಳಕ್ಕೇ ಹೋಗುತ್ತಿದ್ದಾರೆಂದೂ ತಿಳಿದುಬರುತ್ತದೆ. ಅಧಿಕಾರವಿಲ್ಲದಿರುವುದೇ ಈ ಸಲಹೆಗಾರರ ಮುಖ್ಯವಾದ ಯೋಗ್ಯತೆ. ಅವರ ಪದವಿಗಳಿಗಿಂತಲೂ, ಅವರು ಸುತ್ತಿಬಂದ ದೇಶಗಳ ಪಟ್ಟಿಗಿಂತಲೂ ಈ ಯೋಗ್ಯತೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಹೊರಗಿನವರ ಕಣ್ಣಿಗೂ ಅದರದೇ ಆದ ಪೊರೆಗಳುಂಟು. ರಾಬರ್ಟ್ ಚೇಂಬರ್ಸ್ ಎಂಬ ಬ್ರಿಟಿಷ್ ವಿದ್ವಾಂಸರು ಗ್ರಾಮಾಭಿವೃದ್ಧಿಯನ್ನು ಕುರಿತು 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪೊರೆಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದ್ದಾರೆ: ಪಟ್ಟಣದಿಂದ ಬಂದ ತಜ್ಞರು ಡಾಂಬರು ರಸ್ತೆಯ ಬದಿಯ ಹಳ್ಳಿಗಳನ್ನೇ ಕಾಣುತ್ತಾರೆ, ಸುಗ್ಗಿ ಮುಗಿದು ರೋಗರುಜಿನ ಕಡಮೆಯಾಗಿ ದಾರಿ ಒಣಗಿದ ಕಾಲದಲ್ಲಿಯೇ ಬರುತ್ತಾರೆ, ಗಂಡಸರೊಡನೆ, ಅದರಲ್ಲಿಯೂ ಅನುಕೂಲಸ್ಥರೊಡನೆ ಮಾತಾಡುತ್ತಾರೆ, ಚಿಕಿತ್ಸಾಲಯಕ್ಕೆ ಬಂದವರನ್ನು ಕಾಣುತ್ತಾರೆಯೇ ಹೊರತು ಬರಲಾರದೆ ಮನೆಯಲ್ಲಿಯೇ ಮಲಗಿರುವವರನ್ನು ಕಾಣುವುದಿಲ್ಲ. ಮಳೆಗಾಲದ ಹಸಿವು ಇಂಥವರ ವರದಿಯಲ್ಲಿ ಬರಬೇಕಾದರೆ ಅದನ್ನು ಉಂಡವರೇ ಹೇಳಬೇಕು. ಇದೇ ಚೇಂಬರ್ಸರು 1989ರಿಂದ 1991ರವರೆಗೆ ಹೈದರಾಬಾದಿನಲ್ಲಿದ್ದ ಕಾಲದಲ್ಲಿ, ಟಿಬೆಟಿನ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಹುಟ್ಟಿ ಮುಂದೆ ಗ್ರಾಮೀಣ ಬಡವರ ಕೆಲಸಕ್ಕೆ ತಿರುಗಿದ ನಮ್ಮ ಕರ್ನಾಟಕದ ಮೈರಾಡ ಸಂಸ್ಥೆ, ಹಳ್ಳಿಗರೇ ತಮ್ಮ ಊರಿನ ಸ್ಥಿತಿಗತಿಗಳನ್ನು ವಿವೇಚಿಸುವ ಸಹಭಾಗಿ ಸಮೀಕ್ಷೆಯನ್ನು ಭಾರತದಲ್ಲಿ ಬಳಕೆಗೆ ತಂದವರ ಮುಂಚೂಣಿಯಲ್ಲಿತ್ತು. ಊರ ಜನ ನೆಲದ ಮೇಲೆ ರಂಗೋಲಿ ಪುಡಿಯಿಂದ ಬೀದಿ ಕೆರೆ ಹೊಲಗಳನ್ನು ಬಿಡಿಸಿ, ಯಾವ ಮನೆಯಲ್ಲಿ ಯಾವ ತಿಂಗಳು ಕಾಳು ಮುಗಿಯುತ್ತದೆಂದು ಬೀಜಗಳನ್ನಿಟ್ಟು ತೋರಿಸುವಾಗ, ಹೊರಗಿನಿಂದ ಬಂದವರ ಕೆಲಸವೆಲ್ಲ ಗೆರೆ ಎಳೆಯುವ ಕೋಲನ್ನು ಅವರ ಕೈಗೆ ಕೊಟ್ಟು ತಾವು ಸುಮ್ಮನಿರುವುದೇ ಆಗಿತ್ತು. ಕೇಳುವುದಕ್ಕೆ ಸುಲಭವಾದ ಈ ಕೆಲಸ ಸಂಭಾವನೆ ಪಡೆದು ಬಂದವರಿಗೆ ಬಹು ಕಷ್ಟವಾದದ್ದು; ಏತಕ್ಕೆಂದರೆ ಹಣ ಕೊಟ್ಟವರು ಪ್ರತಿಯಾಗಿ ಪುಟಗಳನ್ನು ನಿರೀಕ್ಷಿಸುತ್ತಾರೆ.

ಕೇಡು ಪ್ರಾರಂಭವಾಗುವುದು ಇಲ್ಲಿಂದಲೇ. ಸಭೆಯನ್ನು ನಡೆಸಿಕೊಡಲು ಬಂದವರಿಗೆ ಸಂಸ್ಥೆ ಮೆಲ್ಲಮೆಲ್ಲನೆ ತೀರ್ಮಾನವನ್ನೂ ಒಪ್ಪಿಸಿಬಿಡುತ್ತದೆ. 1969ರಲ್ಲಿ ಅಮೆರಿಕದ ನೆರವಿನ ಇಲಾಖೆಗಾಗಿ ಒಂದು ಸಲಹಾ ಸಂಸ್ಥೆಯೇ ರಚಿಸಿಕೊಟ್ಟ ಲಾಗ್‌ಫ್ರೇಮ್ ಎಂಬ ಕೋಷ್ಟಕ, ಗುರಿ, ಫಲಿತಾಂಶ, ಅಳತೆಗೋಲು, ಪೂರ್ವಕಲ್ಪನೆ ಇವುಗಳನ್ನು ಮನೆಮನೆಯಾಗಿ ವಿಂಗಡಿಸಿದ ಆ ಚೌಕಟ್ಟು, ಇಂದು ಅನೇಕ ದಾನಿಗಳ ಕಡ್ಡಾಯ ನಮೂನೆ. ಅದನ್ನು ತುಂಬುವ ಪರಿಭಾಷೆ ಸಲಹೆಗಾರರಿಗೆ ಕರಗತ, ಕಾರ್ಯಕರ್ತರಿಗೆ ಅಪರಿಚಿತ. ಮೂರನೆಯ ದಿನದ ಸಂಜೆಯ ಹೊತ್ತಿಗೆ ದಣಿದವರೆಲ್ಲ ಉಳಿದದ್ದನ್ನು ತಾವೇ ಬರೆದು ಕಳುಹಿಸಿಬಿಡಿ ಎಂದು ಸಲಹೆಗಾರರಿಗೆ ಹೇಳಿ ಬಸ್ಸು ಹಿಡಿಯುತ್ತಾರೆ. ಮುಂದಿನ ವರ್ಷವೆಲ್ಲ ಆ ಯೋಜನೆಯ ಪ್ರಕಾರ ನಡೆಯಬೇಕಾದವರು ಅದನ್ನು ಮೊದಲ ಬಾರಿಗೆ ಓದುವುದು ಅಚ್ಚಾಗಿ ಬಂದ ಮೇಲೆ, ಅದೂ ತಮ್ಮದಲ್ಲದ ಭಾಷೆಯಲ್ಲಿ. ಆ ಯೋಜನೆ ತಪ್ಪಿದರೆ ಉತ್ತರ ಹೇಳಬೇಕಾದವರು ಅವರು. ಬರೆದವರು ಆ ಹೊತ್ತಿಗೆ ಬೇರೊಂದು ದೇಶದ ಬೇರೊಂದು ಸಭೆಯಲ್ಲಿರುತ್ತಾರೆ.

ಆತ್ಮಪರೀಕ್ಷೆಯ ತಿರುಳು ಪರರಿಂದ ದೊರಕತಕ್ಕದ್ದಲ್ಲವೆಂಬುದಕ್ಕೆ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯ ಒಂದು ಅನುಭವ ನನಗೆ ಸದಾ ಸ್ಮರಣೀಯವಾಗಿ ತೋರುತ್ತದೆ. ಫಜ್ಲೆ ಹಸನ್ ಅಬೇದ್ ಅವರು 1972ರಲ್ಲಿ ಕಟ್ಟಿದ ಆ ಸಂಸ್ಥೆ, ಭೇದಿಯಿಂದ ಸಾಯುವ ಮಕ್ಕಳನ್ನು ಉಳಿಸುವುದಕ್ಕಾಗಿ 1980ರಲ್ಲಿ ಒಂದು ದೊಡ್ಡ ಕಾರ್ಯವನ್ನು ಕೈಗೊಂಡಿತು. ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು, ಇಷ್ಟರಿಂದ ಜೀವರಕ್ಷಕ ಪಾನೀಯವನ್ನು ಮಾಡುವ ಕ್ರಮವನ್ನು ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತಾಯಂದಿರ ಕೈಯಿಂದಲೇ ಮಾಡಿಸಿ ಕಲಿಸಿದರು. ಹತ್ತು ವರ್ಷಗಳಲ್ಲಿ ಅವರು ಮುಟ್ಟಿದ ಮನೆಗಳು 1.2 ಕೋಟಿಗೂ ಮಿಕ್ಕಿದ್ದುವು. ಕೆಲವು ದಿನಗಳ ಅನಂತರ ಬೇರೆಯವರು ಅದೇ ಹಳ್ಳಿಯ ಕೆಲವು ಮನೆಗಳಿಗೆ ಹೋಗಿ ತಾಯಿ ಎಷ್ಟನ್ನು ನೆನಪಿಟ್ಟಿದ್ದಾಳೆಂದು ಪರೀಕ್ಷಿಸುತ್ತಿದ್ದರು. ಕಲಿಸಿದವರ ಸಂಬಳ ಆ ಪರೀಕ್ಷೆಯ ಫಲವನ್ನು ಅವಲಂಬಿಸಿತ್ತು. ತಾಯಂದಿರು ಚೆನ್ನಾಗಿಯೇ ಉತ್ತರ ಹೇಳುತ್ತಿದ್ದರು. ಯಾವ ಪರಾಮರ್ಶೆಯ ಕೋಷ್ಟಕದಲ್ಲಾದರೂ ಇದು ಉಜ್ಜ್ವಲವಾದ ಯಶಸ್ಸೆಂದೇ ದಾಖಲಾಗುತ್ತಿತ್ತು.

ಆದರೆ ಸಂಸ್ಥೆಯವರು ಅಷ್ಟಕ್ಕೆ ನಿಲ್ಲದೆ, ಮನೆಯಲ್ಲಿ ಭೇದಿ ಬಂದಾಗ ಈ ಪಾನೀಯವನ್ನು ಕೊಡುತ್ತಿರುವರೇ ಎಂದು ವಿಚಾರಿಸಿದರು. ಕೊಡುತ್ತಿದ್ದವರು ಅತ್ಯಲ್ಪ. ಕಾರಣವನ್ನು ಹುಡುಕುತ್ತ ಹುಡುಕುತ್ತ ಕಡೆಗೆ ತಮ್ಮ ಕಾರ್ಯಕರ್ತೆಯರನ್ನೇ, ನಿಮಗೆ ಭೇದಿಯಾದಾಗ ನೀವೇನು ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು. ಅವರಲ್ಲಿ ಅನೇಕರು ತೆಗೆದುಕೊಳ್ಳುತ್ತಿದ್ದುದು ಮಾತ್ರೆ! ತಾವೇ ನಂಬದ ಔಷಧವನ್ನು ಅವರು ಊರೂರಿಗೆ ಬೋಧಿಸುತ್ತಿದ್ದರು. ತಾಯಂದಿರಿಗೆ ಆ ಅಪನಂಬಿಕೆ ಮಾತಿಲ್ಲದೆಯೇ ತಿಳಿಯುತ್ತಿತ್ತು. ಕಾರ್ಯಕರ್ತೆಯರನ್ನು ಢಾಕಾಕ್ಕೆ ಕರೆಸಿ, ಭೇದಿರೋಗದ ಸಂಶೋಧನಾ ಕೇಂದ್ರದಲ್ಲಿ ಆ ಪಾನೀಯ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ಮನಗಾಣಿಸಿದ ಮೇಲೆ, ತಮ್ಮನ್ನು ಬಿಟ್ಟು ಹೆಂಗಸರಿಗೆ ಮಾತ್ರ ಹೇಳಿದರೆಂಬ ಅಸಮಾಧಾನವಿದ್ದ ಗಂಡಸರನ್ನು ಸಂತೆಯಲ್ಲಿ, ಮಸೀದಿಯಲ್ಲಿ ಕಂಡು ತಿಳಿಯಹೇಳಿದ ಮೇಲೆ, ಬಳಕೆ ಏರತೊಡಗಿತು. ಈ ಪ್ರಶ್ನೆಯನ್ನು ಹೊರಗಿನ ಜಾಣರೊಬ್ಬರು ಕೇಳಬಹುದಾಗಿತ್ತು, ನಿಜ. ಆದರೆ ಕೇಳಬೇಕಾದರೆ ಯಶಸ್ಸಿನ ಅಂಕಿಗಳ ಎದುರಿನಲ್ಲಿಯೂ ತೃಪ್ತರಾಗದ ಮನಸ್ಸು ಬೇಕು. ಉತ್ತರ ಬಂದಮೇಲೆ ತಮ್ಮ ಸಂಬಳದ ಪದ್ಧತಿಯೇ ತಪ್ಪು ವಸ್ತುವನ್ನು ಅಳೆಯುತ್ತಿತ್ತೆಂದು ಒಪ್ಪಿಕೊಳ್ಳುವ ಧೈರ್ಯ ಬೇಕು. ಇವೆರಡೂ ನಿರ್ದೇಶಕರಲ್ಲಿ ಇಲ್ಲದಿದ್ದರೆ ಸಲಹೆಗಾರರ ಪ್ರಶ್ನೆ ಸಭಾಭವನದ ಗೋಡೆಯಲ್ಲಿಯೇ ಉಳಿದುಬಿಡುತ್ತದೆ.

ಈಗ ನನ್ನ ಮುಖ್ಯವಾದ ಆಕ್ಷೇಪಣೆಗೆ ಬರುತ್ತೇನೆ. ವಾರ್ಷಿಕ ಪರಾಮರ್ಶೆ ಮತ್ತು ವಾರ್ಷಿಕ ಯೋಜನೆ ಎಂದು ಒಂದೇ ಉಸಿರಿನಲ್ಲಿ ಹೇಳುವುದು ವಾಡಿಕೆ. ಒಂದೇ ಸಭೆಯಲ್ಲಿ, ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಎಂಬಂತೆ ಅವನ್ನು ಮುಗಿಸುವುದೂ ವಾಡಿಕೆ. ಹಿಂದಿನದನ್ನು ತಿಳಿಯದೆ ಮುಂದಿನದನ್ನು ಯೋಚಿಸಲಾಗದಷ್ಟೆ ಎಂಬ ನ್ಯಾಯದಿಂದ ಇದು ಸಮಂಜಸವಾಗಿಯೇ ಕಾಣುತ್ತದೆ. ಆದರೆ ಇವುಗಳ ನಡುವೆ ಹಣ ಕುಳಿತಿರುವುದನ್ನು ಮರೆಯಬಾರದು. ತನ್ನ ತಾಲ್ಲೂಕಿನಲ್ಲಿ ಸಾಲದ ಗುಂಪುಗಳು ಒಡೆದುಹೋದುವೆಂದು ಬೆಳಗ್ಗೆ ಒಪ್ಪಿಕೊಂಡ ಸಂಯೋಜಕರು ಮಧ್ಯಾಹ್ನ ಅದೇ ತಾಲ್ಲೂಕಿಗೆ ಹೆಚ್ಚಿನ ಅನುದಾನವನ್ನು ಯಾವ ಮುಖದಿಂದ ಕೇಳಬೇಕು? ಅವರು ಕೇಳದಿದ್ದರೆ ಅವರ ಕೈಕೆಳಗಿನ ನಾಲ್ವರ ಉದ್ಯೋಗ ಹೋಗುತ್ತದೆ. ಇಂಥ ಸ್ಥಿತಿಯಲ್ಲಿ ಸತ್ಯವನ್ನು ಮರೆಮಾಡುವವರನ್ನು ಅಪ್ರಾಮಾಣಿಕರೆನ್ನಲು ನನಗೆ ಮನಸ್ಸು ಬಾರದು. ಅವರು ತಮ್ಮವರ ಅನ್ನವನ್ನು ಕಾಯುತ್ತಿದ್ದಾರೆ. ಎಷ್ಟೇ ನಿಪುಣರಾದ ಸಲಹೆಗಾರರು ಬಂದರೂ, ಬಣ್ಣಬಣ್ಣದ ಚೀಟಿಗಳ ಮೇಲೆ ಹೆಸರಿಲ್ಲದೆ ಬರೆಸಿದರೂ, ಈ ಭಯವನ್ನು ಅವರು ನೀಗಿಸಲಾರರು; ಏತಕ್ಕೆಂದರೆ ಭಯ ಹುಟ್ಟಿರುವುದು ಸಭೆಯ ಕ್ರಮದಿಂದಲ್ಲ, ಅನುದಾನದ ಕ್ರಮದಿಂದ. ಅದನ್ನು ನೀಗಿಸಬಲ್ಲವರು ದಾನಿಗಳು ಮಾತ್ರ.

ಬ್ರಿಟನ್ನಿನಲ್ಲಿ ಹುಟ್ಟಿದ ಆಕ್ಷನ್ ಏಡ್ ಸಂಸ್ಥೆ 2000ದಲ್ಲಿ ಈ ದಿಕ್ಕಿನಲ್ಲಿ ಒಂದು ದಿಟ್ಟ ಹೆಜ್ಜೆಯಿಟ್ಟಿತು. ಕೇಂದ್ರ ಕಚೇರಿಗೆ ಉದ್ದುದ್ದನೆಯ ವಾರ್ಷಿಕ ವರದಿಗಳನ್ನು ಕಳುಹಿಸುವ ಹೊರೆಯನ್ನು ಇಳಿಸಿ, ಅದರ ಸ್ಥಾನದಲ್ಲಿ ಊರಿನವರೂ ಸಹಸಂಸ್ಥೆಗಳೂ ಕಾರ್ಯಕರ್ತರೂ ಕೂಡಿ ವರ್ಷವನ್ನು ಅವಲೋಕಿಸುವ ಪದ್ಧತಿಯನ್ನು ತಂದಿತು. ಹಣ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಎಂಬ ಲೆಕ್ಕವನ್ನು ಹಳ್ಳಿಯವರ ಮುಂದೆಯೇ ಬಿಚ್ಚಿಡುವುದು ಅದರ ಒಂದು ಅಂಗ. ಲೆಕ್ಕವನ್ನು ಕಾಣದವರು ಪರಾಮರ್ಶೆಯಲ್ಲಿ ಕುಳಿತರೂ ಅತಿಥಿಗಳೇ.

ದಾನಿಗಳ ಮಾತು ಬಂದಾಗ ಟಾಂಜಾನಿಯಾದ ನಿದರ್ಶನವನ್ನು ಬಿಡಲಾಗದು. 1994ರ ಸುಮಾರಿಗೆ ಆ ದೇಶದ ಸರ್ಕಾರಕ್ಕೂ ನೆರವು ಕೊಡುವ ದೇಶಗಳಿಗೂ ವಿಶ್ವಾಸ ಪೂರ್ತಿಯಾಗಿ ಕೆಟ್ಟಿತ್ತು. ತೆರಿಗೆ ವಸೂಲಿಯ ಸಡಿಲತೆಯನ್ನೂ ಲಂಚಕೋರತನವನ್ನೂ ದಾನಿಗಳು ಎತ್ತಿ ಆಡಿದರೆ, ದಾನಿಗಳು ಎಲ್ಲದರಲ್ಲಿಯೂ ಕೈಹಾಕುತ್ತಾರೆಂಬುದು ಸರ್ಕಾರದ ದೂರು. ಆಗ ಡೆನ್ಮಾರ್ಕ್ ಸರ್ಕಾರ, ಟಾಂಜಾನಿಯಾದ ಒಪ್ಪಿಗೆ ಪಡೆದು, ಕೆನಡಾದ ಅರ್ಥಶಾಸ್ತ್ರಜ್ಞ ಜೆರಾಲ್ಡ್ ಹೆಲ್ಲೈನರ್ ಅವರ ನೇತೃತ್ವದಲ್ಲಿ ಸ್ವತಂತ್ರ ಸಲಹೆಗಾರರ ಒಂದು ತಂಡವನ್ನು ನೇಮಿಸಿತು. ಅದರಲ್ಲಿ ಟಾಂಜಾನಿಯಾದ ಅರ್ಥಶಾಸ್ತ್ರಜ್ಞರೂ ಇದ್ದರು. 1995ರಲ್ಲಿ ಹೊರಬಂದ ಅವರ ವರದಿ ಸರ್ಕಾರದ ದೋಷಗಳನ್ನು ಹೇಳಿದಷ್ಟೇ ನಿಷ್ಠುರವಾಗಿ ದಾನಿಗಳ ದೋಷಗಳನ್ನೂ ಹೇಳಿತು. 1997ರಲ್ಲಿ ಎರಡು ಪಕ್ಷಗಳೂ ತಾವು ತಾವು ಮಾಡಬೇಕಾದುದನ್ನು ಬರೆದು ಒಪ್ಪಿಕೊಂಡುವು. ಹೆಲ್ಲೈನರ್ ಮತ್ತೆ ಬಂದು, ಒಪ್ಪಿದ್ದರಲ್ಲಿ ಆದದ್ದೆಷ್ಟು ಎಂಬುದನ್ನು ಪರಿಶೀಲಿಸಿ ಹೇಳಿದರು. ಮುಂದೆ ಈ ಪರಿಶೀಲನೆಗಾಗಿಯೇ ಒಂದು ಸ್ವತಂತ್ರ ತಂಡ ಏರ್ಪಟ್ಟಿತು. ಆಯವ್ಯಯ ಸಿದ್ಧವಾಗುವ ಕಾಲದಲ್ಲಿ ದಾನಿಗಳ ನಿಯೋಗಗಳು ಬಂದು ಅಧಿಕಾರಿಗಳ ವೇಳೆಯನ್ನು ಕಸಿಯಕೂಡದೆಂಬ ಕಟ್ಟಳೆಯೂ ಬಂದಿತು. ಇಲ್ಲಿ ಹೊರಗಿನವರ ನೇಮಕ ಸಫಲವಾದುದಕ್ಕೆ ಅವರ ಪಾಂಡಿತ್ಯವೊಂದೇ ಕಾರಣವಲ್ಲ. ಹಣ ಕೊಡುವವರ ನಡತೆಯೂ ಅವರ ವಿಚಾರಣೆಯ ವ್ಯಾಪ್ತಿಯೊಳಗಿತ್ತು. ಹೇಳಿಹೋದ ಮಾತಿಗೆ ಏನಾಯಿತೆಂದು ನೋಡಲು ಅವರು ಮರಳಿ ಬಂದರು. ಅನುದಾನದ ಕಂತು ತಡವಾಗಿ ಬಂದು ಬಿತ್ತನೆಯ ಕಾಲ ಮೀರಿತೆಂಬುದು ಅನೇಕ ಪರಾಮರ್ಶೆಗಳಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಬರೆಯದ ಮಾತು. ದಾನಿಯನ್ನೂ ಪ್ರಶ್ನಿಸುವ ಅಧಿಕಾರ ಸಲಹೆಗಾರರಿಗೆ ಇದ್ದರೆ ಆ ಮಾತು ಬರವಣಿಗೆಗೆ ಬರುತ್ತದೆ.

ಆದಕಾರಣ ಸಲಹೆಗಾರರನ್ನು ಗೊತ್ತುಮಾಡುವ ಮೊದಲು ಬರೆಯುವ ನಿಬಂಧನೆಪತ್ರ ಬಹು ಮುಖ್ಯವಾದದ್ದು; ಅದನ್ನು ಕಳೆದ ವರ್ಷದ ಕಡತದಿಂದ ನಕಲು ಮಾಡುವುದು ಕರ್ತವ್ಯಲೋಪವೇ ಸರಿ. ಸಭೆಯಲ್ಲಿ ಮಾತು ನಡೆಸುವುದು, ಕೇಳದ ದನಿಗಳನ್ನು ಕೇಳಿಸುವುದು, ಆಡಿದ್ದನ್ನು ಆಡಿದಂತೆ ದಾಖಲಿಸುವುದು ಅವರ ಕೆಲಸವೆಂದೂ, ಯೋಜನೆಯನ್ನು ಬರೆಯುವುದು ಅದನ್ನು ನಡೆಸುವವರ ಕೆಲಸವೆಂದೂ ಅದರಲ್ಲಿ ಸ್ಪಷ್ಟವಾಗಿರಬೇಕು. ಸಭೆಗೆ ಮೊದಲು ಹಳ್ಳಿಗಳಲ್ಲಿ ಇರುವುದಕ್ಕೆ ಅವರಿಗೆ ದಿನಗಳನ್ನು ಕೊಡಬೇಕು. ಆ ಸೀಮೆಯ ಭಾಷೆ ಬಲ್ಲವರು ದೊರೆಯುವಾಗ ದೂರದ ಖ್ಯಾತರನ್ನು ಹುಡುಕಬಾರದು. ಪರಾಮರ್ಶೆಗೂ ಅನುದಾನದ ತೀರ್ಮಾನಕ್ಕೂ ನಡುವೆ ಕೆಲವು ವಾರಗಳಾದರೂ ಅಂತರವಿರಬೇಕು. ಹಣದ ದುರುಪಯೋಗದ ಮಾತು ಬೇರೆ. ಅದು ಲೆಕ್ಕಪರಿಶೋಧಕರಿಗೆ ಸೇರಿದ್ದು. ಪ್ರಾಮಾಣಿಕವಾಗಿ ಮಾಡಿ ಸೋತದ್ದನ್ನು ಹೇಳಿಕೊಂಡವರಿಗೆ ಆ ಕಾರಣದಿಂದ ಶಿಕ್ಷೆಯಾಗಕೂಡದು.

ಬರುವ ವರ್ಷದ ಪರಾಮರ್ಶೆಗೆ ಸಲಹೆಗಾರರನ್ನು ಅರಸುತ್ತಿರುವ ಸಂಸ್ಥೆಗಳವರಲ್ಲಿ ನನ್ನ ವಿನಂತಿಯಿಷ್ಟೆ: ಪ್ರಕಟಣೆ ಕೊಡುವುದಕ್ಕೆ ಮುಂಚೆ ದಾನಿಗಳೊಡನೆ ಕುಳಿತು, ಸಭೆಯಲ್ಲಿ ಒಪ್ಪಿಕೊಂಡ ಸೋಲಿಗಾಗಿ ಯಾರ ಅನುದಾನವೂ ಕಡಿತವಾಗದೆಂಬ ಮಾತನ್ನು ಬರವಣಿಗೆಯಲ್ಲಿ ಪಡೆಯಿರಿ. ಅದು ದೊರೆತರೆ ಒಳ್ಳೆಯವರೊಬ್ಬರನ್ನು ಹುಡುಕಿ ಕರೆತನ್ನಿ. ದೊರೆಯದಿದ್ದರೆ ಯಾರನ್ನೂ ಕರೆಯಬೇಡಿ.