ಸೋರುವ ಕಿವಿಯೂ ನಮ್ಮ ಉದಾಸೀನವೂ

ಹೋದ ಮಳೆಗಾಲದಲ್ಲಿ ನಮ್ಮ ಸಂಘದ ಸಭೆಗೆ ಒಬ್ಬ ತರುಣನು ಬಂದಿದ್ದನು. ಹೋಟೆಲೊಂದರ ಮೋರಿಯಲ್ಲಿ ತಟ್ಟೆ ತೊಳೆಯುವ ಕೆಲಸ ಅವನದು. ಹೆಸರು ಹಿಡಿದು ಎರಡು ಸಲ ಕೂಗಿದರೂ ತಿರುಗಿ ನೋಡಲಿಲ್ಲ. ಪಕ್ಕದವರು ಭುಜ ತಟ್ಟಿದ ಮೇಲೆಯೇ ಎದ್ದು ನಿಂತನು. ವಿಚಾರಿಸಲಾಗಿ, ಎರಡು ವರ್ಷಗಳ ಹಿಂದೆ ಗಾಜಿನ ಲೋಟ ಒಡೆದ ತಪ್ಪಿಗೆ ಮೇಲಿನವರು ಕೆನ್ನೆಗೆ ಬಾರಿಸಿದ್ದರೆಂದೂ, ಅಂದಿನಿಂದ ಎಡಗಿವಿ ಮಂದವಾಗಿದೆಯೆಂದೂ, ನೆಗಡಿಯಾದಾಗಲೆಲ್ಲ ಸೋರುತ್ತದೆಂದೂ ತಿಳಿಯಿತು. ಔಷಧವೇನು ಎಂದು ಕೇಳಿದರೆ, “ಬಿಸಿ ಎಣ್ಣೆ ಬಿಡುತ್ತೇನೆ ಅಣ್ಣಾ, ಕಿವಿ ಸೋರುವುದು ದೊಡ್ಡ ರೋಗವೇ?” ಎಂದನು.

ಈ ಪ್ರಶ್ನೆಗೆ ಉತ್ತರ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಕಿವಿಯ ತಮಟೆ ಎಂಬುದು ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಷ್ಟು ಅಗಲದ, ಮಿಲಿಮೀಟರಿನ ಹತ್ತನೆಯ ಒಂದು ಪಾಲು ದಪ್ಪದ ಪೊರೆ. ಗಾಳಿಯಲ್ಲಿ ಬಂದ ಸದ್ದಿಗೆ ಅದು ಅದುರುತ್ತದೆ. ಆ ಅದುರನ್ನು ಮೂರು ಸಣ್ಣ ಎಲುಬುಗಳು ಒಳಗಿವಿಗೆ ಒಯ್ಯುತ್ತವೆ. ಪೊರೆಯಲ್ಲಿ ತೂತು ಬಿದ್ದರೆ ಎರಡು ನಷ್ಟ. ಕೇಳುವ ಶಕ್ತಿ ಕುಗ್ಗುವುದು ಒಂದು. ಹೊರಗಿನ ನೀರು, ಕೊಳೆ ನೇರವಾಗಿ ನಡುಗಿವಿಗೆ ಇಳಿದು ಕೀವು ಕಟ್ಟುವುದು ಇನ್ನೊಂದು. ಚಿಕ್ಕಂದಿನಲ್ಲಿ ನೆಗಡಿಯಿಂದಾದ ಕಿವಿಬೇನೆಯೇ ಇಂಥ ತೂತಿಗೆ ಬಹುಮಟ್ಟಿಗೆ ಮೂಲ. ಕಡ್ಡಿ, ಹೇರ್‌ಪಿನ್ನು ಹಾಕಿ ಕೆದಕುವುದು, ಸ್ಫೋಟದ ಸದ್ದು, ಕೆನ್ನೆಯೇಟು ಇವು ಉಳಿದ ಕಾರಣಗಳು. ಅಂಗೈ ಕಿವಿಯ ಮೇಲೆ ಬಡಿದಾಗ ಒಳಗಿನ ಗಾಳಿ ಒಮ್ಮೆಲೇ ಒತ್ತಿ ಪೊರೆಯನ್ನು ಸೀಳುತ್ತದೆ.

ಹೀಗೆ ಪೆಟ್ಟಿನಿಂದಾದ ಹೊಸ ತೂತು ಬಹಳ ಸಲ ಕೆಲವು ವಾರಗಳಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆದರೆ ಅಷ್ಟು ದಿನ ಕಿವಿ ಒಣಗಿರಬೇಕು. ನೀರು, ಎಣ್ಣೆ, ಸೊಪ್ಪಿನ ರಸ ಯಾವುದನ್ನೂ ಬಿಡಬಾರದು. ದಿನಕ್ಕೆ ಹತ್ತು ತಾಸು ಮೋರಿಯ ಮುಂದೆ ನಿಂತು, ಕಿವಿಗೆ ಎಣ್ಣೆ ಹೊಯ್ದುಕೊಂಡು ಮಲಗುವವನ ತೂತು ಮುಚ್ಚುವುದೆಂತು? ಮೂರು ತಿಂಗಳಾದರೂ ಮುಚ್ಚದೆ ಉಳಿದುದನ್ನು ವೈದ್ಯರು ಶಸ್ತ್ರಕ್ರಿಯೆಯಿಂದ ಮುಚ್ಚಬಲ್ಲರು.

ಇದೇನೂ ನಿನ್ನೆ ಮೊನ್ನೆಯ ಪ್ರಯೋಗವಲ್ಲ. 1878ರಲ್ಲಿಯೇ ಜರ್ಮನಿಯ ಬೆರ್ಟೋಲ್ಡ್ ಎಂಬ ವೈದ್ಯರು ಚರ್ಮದ ತುಂಡಿನಿಂದ ತಮಟೆಯನ್ನು ಮುಚ್ಚಿದ್ದರು. 1950ರ ದಶಕದ ಮೊದಲಲ್ಲಿ ಅದೇ ದೇಶದ ವುಲ್‌ಸ್ಟೈನ್ ಮತ್ತು ಟ್ಸೋಲ್ನರ್ ಈ ವಿದ್ಯೆಗೆ ಇಂದಿನ ಕ್ರಮವನ್ನು ಕೊಟ್ಟರು. ಟಿಂಪನೊಪ್ಲಾಸ್ಟಿ ಎಂಬ ಹೆಸರು ಆಗಿನದು. ಈಗ ಸಾಮಾನ್ಯವಾಗಿ ಕಿವಿಯ ಮೇಲ್ಭಾಗದಲ್ಲಿರುವ ಸ್ನಾಯುವಿನ ಹೊದಿಕೆಯಿಂದ ಒಂದು ತೆಳು ಚೂರನ್ನು ತೆಗೆದು, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ತೂತಿಗೆ ತೇಪೆಯಾಗಿ ಇಡುತ್ತಾರೆ. ರೋಗಿಯ ಮೈಯದೇ ತೇಪೆ; ಅದರ ಆಸರೆಯಲ್ಲಿ ಪೊರೆ ಬೆಳೆದು ಮುಚ್ಚಿಕೊಳ್ಳುತ್ತದೆ. ನುರಿತ ಕೈಯಲ್ಲಿ ಹತ್ತರಲ್ಲಿ ಎಂಟು ಒಂಬತ್ತು ಮಂದಿಗೆ ತೇಪೆ ಹಿಡಿಯುತ್ತದೆ.

“ಕಿವಿ ಕೊಯ್ಯಿಸಿಕೊಂಡರೆ ಪೂರಾ ಕಿವುಡಾಗುತ್ತದೆ, ಬಾಯಿ ಸೊಟ್ಟಗಾಗುತ್ತದೆ” ಎಂಬ ಭಯ ನಮ್ಮವರಲ್ಲಿದೆ. ಅಂಥ ಅಪಾಯ ಇಲ್ಲವೇ ಇಲ್ಲವೆಂದು ನಾವು ಹೇಳಲಾರೆವು; ಆದರೆ ಅದು ವಿರಳ. ಎಲುಬುಗಳೋ ನರವೋ ಕೆಟ್ಟಿದ್ದರೆ ತೂತು ಮುಚ್ಚಿದರೂ ಕೇಳುವ ಶಕ್ತಿ ಪೂರ್ತಿ ಮರಳಲಿಕ್ಕಿಲ್ಲ ಎಂಬುದೂ ನಿಜ. ಆದರೆ ಏನೂ ಮಾಡದೆ ಕುಳಿತರೆ ಅಪಾಯ ತಪ್ಪೀತೆ? ದುರ್ವಾಸನೆಯ ಕೀವು ಬಿಡದೆ ಸೋರುತ್ತಿದ್ದರೆ ಒಳಗೆ ಎಲುಬನ್ನು ಸವೆಸುವ ವ್ಯಾಧಿ ಇರಬಹುದು. ಬಾಯಿ ಸೊಟ್ಟಗಾಗುವುದು, ತಲೆ ತಿರುಗುವುದು, ಕಡೆಗೆ ಮಿದುಳಿಗೆ ಕೀವು ಏರುವುದು ಆ ವ್ಯಾಧಿಯನ್ನು ಕಡೆಗಣಿಸಿದುದರ ಫಲ. ಜನ ಶಸ್ತ್ರಕ್ರಿಯೆಯ ತಲೆಗೆ ಕಟ್ಟುವ ಕೇಡು ಎಷ್ಟೋ ಸಲ ಅಲಕ್ಷ್ಯದ್ದೇ ಆಗಿರುತ್ತದೆ.

ಹಾಗಾದರೆ ನಮ್ಮ ತರುಣರು ಆಸ್ಪತ್ರೆಗೆ ಏಕೆ ಹೋಗುವುದಿಲ್ಲ? ಈ ಮುಂಬಯಿಯಲ್ಲಿ ಕೆ.ಇ.ಎಂ., ನಾಯರ್, ಸಯನ್ ಮೊದಲಾದ ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ಕಿವಿ-ಮೂಗು-ಗಂಟಲಿನ ವಿಭಾಗಗಳಿವೆ. ಕೊರತೆಯಿರುವುದು ದಿನಗಳದ್ದು. ತಪಾಸಣೆಗೆ ಒಂದು ದಿನ, ಶ್ರವಣ ಪರೀಕ್ಷೆಗೆ ಒಂದು ದಿನ, ಸರದಿಗಾಗಿ ಕಾಯುವುದು, ಶಸ್ತ್ರಕ್ರಿಯೆಯಾದ ಮೇಲೆ ವಾರ ಎರಡು ವಾರ ವಿಶ್ರಾಂತಿ, ಅನಂತರವೂ ಕೆಲವು ವಾರ ಕಿವಿಗೆ ನೀರು ತಾಗಿಸದೆ, ಭಾರ ಎತ್ತದೆ ಇರುವುದು. ದಿನಗೂಲಿಯವನಿಗೆ ಇದು ಪಗಾರದ ಪ್ರಶ್ನೆ. ಹೋಟೆಲಿನಲ್ಲಿಯೇ ಉಂಡು ಅಲ್ಲಿಯೇ ಮಲಗುವವನಿಗೆ ಅನ್ನದ, ನೆರಳಿನ ಪ್ರಶ್ನೆ.

ಇಲ್ಲಿ ಮಾಲಿಕರಿಗೆ ನಮ್ಮದೊಂದು ನೇರ ಮಾತಿದೆ. ಅವರಲ್ಲಿ ಅನೇಕರು ನಮ್ಮ ಊರಕಡೆಯವರೇ. ತಾವೂ ಮೋರಿಯಿಂದಲೇ ಮೇಲೆ ಬಂದೆವೆಂದು ಸಮಾರಂಭಗಳಲ್ಲಿ ಅಭಿಮಾನದಿಂದ ಹೇಳಿಕೊಳ್ಳುವವರು. ಚಿಕಿತ್ಸೆಗೆ ಹೋದವನ ಜಾಗವನ್ನು ಒಂದು ತಿಂಗಳು ಕಾಯ್ದಿರಿಸಿರಿ. ಮರಳಿ ಬಂದವನಿಗೆ ಕೆಲಕಾಲ ನೀರಿನ ಕೆಲಸದ ಬದಲು ಬೇರೆ ಕೆಲಸ ಕೊಡಿರಿ. ಆಳುಗಳ ಹೆಸರನ್ನು ಇಎಸ್‌ಐ ಪಟ್ಟಿಯಿಂದ ಮರೆಮಾಚಬೇಡಿರಿ. ನಿಯಮದಂತೆ ವಂತಿಗೆ ಸಂದಿದ್ದರೆ, ಕಾಯಿಲೆಯ ರಜೆಯಲ್ಲಿ ವೇತನದ ನೂರಕ್ಕೆ 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ, ಕಾರ್ಮಿಕನಿಗೆ ದೊರೆಯುತ್ತದೆ. ಅದು ಅವನ ಹಕ್ಕು, ಯಾರ ಧರ್ಮವೂ ಅಲ್ಲ. ಇನ್ನು ಕೈ ಎತ್ತುವ ವಿಷಯ: ಒಡೆದ ಲೋಟದ ಬೆಲೆ ಎಷ್ಟು, ಹರಿದ ತಮಟೆಯ ಬೆಲೆ ಎಷ್ಟು, ಅವರೇ ಲೆಕ್ಕ ಹಾಕಲಿ. ಹುಡುಗರನ್ನು ಹೊಡೆದು ತಿದ್ದುತ್ತೇವೆಂಬ ಮಾತನ್ನು ನಾವು ಒಪ್ಪಲಾರೆವು.

ಸಂಘದ ಹೊಣೆಯೂ ಕಡಿಮೆಯದಲ್ಲ. ಹೊಸದಾಗಿ ಊರಿನಿಂದ ಬಂದವನಿಗೆ ಮರಾಠಿ ಬಾರದು, ಹಿಂದಿ ಅರೆಬರೆ. ಕಿವಿಯೂ ಮಂದವಾದರೆ ಆಸ್ಪತ್ರೆಯ ಕಿಟಕಿಯಲ್ಲಿ ಅವನ ಪಾಡೇನು? ವಾರಕ್ಕೊಂದು ದಿನ ಸರದಿಯಂತೆ ಒಬ್ಬ ಸದಸ್ಯರು ಇಂಥವರ ಜತೆಗೆ ಹೋಗುವ ಏರ್ಪಾಡಾಗಬೇಕು. ವಿಶ್ರಾಂತಿಯ ದಿನಗಳಲ್ಲಿ ಊಟ, ಮಲಗುವ ಜಾಗಕ್ಕೆ ಸಹಾಯನಿಧಿಯಿಂದ ಒಂದು ಪಾಲು ತೆಗೆದಿಡಬೇಕು. ವಾರ್ಷಿಕೋತ್ಸವದ ಮಂಟಪಕ್ಕೆ ನಾವು ಮಾಡುವ ಖರ್ಚಿನಲ್ಲಿ ಸ್ವಲ್ಪ ಉಳಿಸಿದರೂ ಇದು ಸಾಧ್ಯ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಎರಡು ಸೂಚನೆಗಳು ಚರ್ಚೆಗೆ ಬರಲೆಂದು ಕೋರುತ್ತೇವೆ.

ಕಿವಿ ಸೋರುವ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ: ಎಣ್ಣೆಯ ಬಾಟಲಿಯನ್ನು ಬದಿಗಿಡಿರಿ, ನಾಚಿಕೆಯನ್ನೂ ಬಿಡಿರಿ. ಸಂಘಕ್ಕೆ ಬಂದು ಹೇಳಿರಿ. ಆ ತರುಣನ ಹೆಸರನ್ನು ನಾವು ಬರೆದುಕೊಂಡಿದ್ದೇವೆ. ಅವನ ಜತೆಗೆ ಆಸ್ಪತ್ರೆಗೆ ಹೋಗುವವರು ಯಾರೆಂಬುದು ಸಮಿತಿಯ ಮುಂದಿರುವ ಮೊದಲ ಪ್ರಶ್ನೆ.