ರೆಪ್ಪೆ ಕೊಯ್ದ ಡಾಕ್ಟರು ರಾತ್ರಿ ಎಲ್ಲಿರ್ತಾರೆ?

ದಾವಣಗೆರೆಯಲ್ಲಿ ಕಣ್ಣಿನ ರೆಪ್ಪೆ ಕೊಯ್ಸಿಕೊಳ್ಳುವುದು ಈಗ ಹಲ್ಲು ಕೀಳಿಸಿಕೊಂಡಷ್ಟೇ ಸಲೀಸು ಅಂತ ಬ್ಯಾನರುಗಳು ಹೇಳುತ್ತಿವೆ. ‘ಜೋತುಬಿದ್ದ ರೆಪ್ಪೆಗೆ ವಿದಾಯ’, ‘ಒಂದೇ ಗಂಟೆ, ನೋವಿಲ್ಲ, ಅಡ್ಮಿಟ್ ಆಗಬೇಕಿಲ್ಲ’, ‘ಹಬ್ಬದ ರಿಯಾಯಿತಿ ಉಂಟು’. ಪಕ್ಕದಲ್ಲಿ ಜೋಡಿ ಫೋಟೋ. ಮೊದಲನೆಯದರಲ್ಲಿ ಹೆಂಗಸು ಮೂರು ತಿಂಗಳಿಂದ ಸಂಬಳ ಬಾರದವಳ ಹಾಗೆ ಮುಖ ಇಳಿಬಿಟ್ಟು ಕೂತಿದ್ದಾಳೆ. ಎರಡನೆಯದರಲ್ಲಿ ಅದೇ ಹೆಂಗಸು ಲಾಟರಿ ಹೊಡೆದವಳಂತೆ ನಗುತ್ತಿದ್ದಾಳೆ. ನಮ್ಮ ಪತ್ರಿಕೆಯ ಫೋಟೋಗ್ರಾಫರ್ ಒಂದೇ ನೋಟಕ್ಕೆ ಹೇಳಿದ: ‘ಗುರುವೇ, ಮೊದಲನೇದಕ್ಕೆ ಲೈಟು ನೆತ್ತಿ ಮೇಲಿಂದ ಬಿಟ್ಟವ್ರೆ, ಎರಡನೇದಕ್ಕೆ ಎದುರಿಂದ. ಅರ್ಧ ಆಪರೇಷನ್ನು ಬಲ್ಬೇ ಮಾಡೈತೆ.’

ಬ್ಯಾನರಿನ ಕೆಳತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿದೆ: ‘ಬೆಂಗಳೂರಿನ ತಜ್ಞ ವೈದ್ಯರು ಭಾನುವಾರ ಮಾತ್ರ ಲಭ್ಯ’. ನನ್ನ ತಕರಾರು ಇರುವುದು ಈ ಸಾಲಿನ ಮೇಲೆ.

ಮೊದಲೇ ಹೇಳಿಬಿಡುತ್ತೇನೆ, ಮುಖಕ್ಕೆ ಖರ್ಚು ಮಾಡುವವರನ್ನು ಕಂಡು ಹಲ್ಲು ಕಿರಿಯುವವನು ನಾನಲ್ಲ. ವಯಸ್ಸು ಐವತ್ತು ದಾಟಿದ ಮೇಲೆ ರೆಪ್ಪೆಯ ಚರ್ಮ ಸಡಿಲಾಗುತ್ತದೆ, ಕಣ್ಣಿನ ಕೆಳಗೆ ಚೀಲ ಕಟ್ಟುತ್ತದೆ. ಕೆಲವರಿಗೆ ಇದು ಬರೀ ಅಂದಚಂದದ ಮಾತಲ್ಲ. ಮೇಲಿನ ಚರ್ಮ ಎವೆಕೂದಲಿನ ಮೇಲೇ ಬಂದು ಕೂತು ನೋಟಕ್ಕೆ ಮರೆಯಾಗುತ್ತದೆ. ಬಸ್ಸಿನ ಬೋರ್ಡು ಓದಲು ಹುಬ್ಬು ಏರಿಸಿ ಏರಿಸಿ, ಸಂಜೆಯ ಹೊತ್ತಿಗೆ ಹಣೆ ನೋವು. ಅಂಥವರಿಗೆ ಇದು ಚಿಕಿತ್ಸೆಯೇ. ‘ಮುದುಕಿಗೆ ಶೋಕಿ’ ಅಂತ ಆಡಿಕೊಳ್ಳುವವರು ಸುಮ್ಮನಿರುವುದು ವಾಸಿ.

ಡಾ. ಎಂ.ಸಿ. ಮೋದಿಯವರ ಹೆಸರನ್ನು ಈ ಊರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಊರೂರಿಗೆ ಶಿಬಿರ ಕೊಂಡೊಯ್ದು, ಬಡವರ ಕಣ್ಣಿನ ಪೊರೆ ತೆಗೆದ ಪುಣ್ಯಾತ್ಮ. ಆ ಕಾಲದಲ್ಲಿ ಕಣ್ಣಿಗೆ ಕತ್ತಿ ಹಾಕಿಸಿಕೊಳ್ಳುತ್ತಿದ್ದುದು ಲೋಕ ಕಾಣಬೇಕು ಅಂತ. ಈಗ ಲೋಕದ ಕಣ್ಣಿಗೆ ತಾವು ಕಾಣಬೇಕು ಅಂತ. ಆಗಲಿ, ಅದೇನೂ ತಪ್ಪಲ್ಲ.

ಆದರೆ ನಡೆದದ್ದು ಕೇಳಿ. ಹಳೇ ಊರಿನ ಕಡೆಯ ಒಬ್ಬ ಟೈಲರಮ್ಮ, ರವಿಕೆ ಹೊಲಿದು ಇಬ್ಬರು ಮಕ್ಕಳನ್ನು ಓದಿಸಿದಾಕೆ. ರೆಪ್ಪೆ ಜೋತು ಸೂಜಿಗೆ ದಾರ ಪೋಣಿಸುವುದೇ ಕಷ್ಟವಾಗಿತ್ತು. ಚೀಟಿ ಎತ್ತಿದ ದುಡ್ಡು ತೆಗೆದುಕೊಂಡು ಒಂದು ಕ್ಲಿನಿಕ್ಕಿಗೆ ಹೋದಳು. ಭಾನುವಾರ ಹನ್ನೊಂದಕ್ಕೆ ಆಪರೇಷನ್, ಎರಡಕ್ಕೆ ಮನೆ. ರಾತ್ರಿ ಊಟದ ಹೊತ್ತಿಗೆ ಎಡಗಣ್ಣು ನಿಂಬೆಹಣ್ಣಿನ ಹಾಗೆ ಊದಿ ಮುಂದಕ್ಕೆ ಬಂತು. ನೋವು ತಡೆಯಲಾಗದು. ನೋಟ ಮಸುಕು. ಚೀಟಿಯ ಮೇಲಿದ್ದ ನಂಬರಿಗೆ ಫೋನು ಮಾಡಿದರೆ ಎತ್ತಿಕೊಂಡವಳು ರಿಸೆಪ್ಷನ್ ಹುಡುಗಿ. ‘ಡಾಕ್ಟ್ರು ಬೆಂಗ್ಳೂರಿಗೆ ಹೋದ್ರು, ಐಸ್ ಇಡ್ರಿ, ಬೆಳಿಗ್ಗೆ ನೋಡಾನ’ ಅಂದಳು. ಮಗ ಬೆಳಗಿನವರೆಗೆ ಕಾಯಲಿಲ್ಲ. ಬೈಕಿನಲ್ಲಿ ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಓಡಿದ. ಅಲ್ಲಿ ಡ್ಯೂಟಿಯಲ್ಲಿದ್ದ ಕಣ್ಣಿನ ಡಾಕ್ಟರು ಮಾತಾಡುತ್ತಾ ನಿಲ್ಲದೆ ಹೊಲಿಗೆ ಬಿಚ್ಚಿದರು, ಒಳಗೆ ಒತ್ತುತ್ತಿದ್ದ ರಕ್ತಕ್ಕೆ ದಾರಿ ಮಾಡಿದರು. ಕಣ್ಣು ಉಳಿಯಿತು.

ಇದಕ್ಕೆ ಕಾರಣ ಏನೆಂದು ಆ ಮೇಲೆ ಕಣ್ಣಿನ ಡಾಕ್ಟರೊಬ್ಬರನ್ನು ಕೇಳಿದೆ. ಪಿಯುಸಿಗೇ ಕೈಮುಗಿದು ಬಂದ ನನಗೂ ಅರ್ಥವಾಗುವ ಹಾಗೆ ಹೇಳಿದರು. ರೆಪ್ಪೆಯ ಹಿಂದಿರುವುದು ಮೂಳೆಯ ಬಟ್ಟಲು. ಅದರೊಳಗೆ ಕಣ್ಣುಗುಡ್ಡೆ, ಸುತ್ತ ಕೊಬ್ಬು, ಹಿಂದೆ ಮಿದುಳಿಗೆ ಹೋಗುವ ನರ. ಆಪರೇಷನ್ ಆದ ಮೇಲೆ ಒಳಗೆ ಸಣ್ಣ ರಕ್ತನಾಳ ಒಸರಿದರೆ ಆ ರಕ್ತಕ್ಕೆ ಹೋಗಲು ಜಾಗವಿಲ್ಲ. ಗುಡ್ಡೆಯನ್ನು ಮುಂದಕ್ಕೆ ದೂಡುತ್ತದೆ, ನರಕ್ಕೆ ರಕ್ತ ಹೋಗದಂತೆ ಹಿಸುಕುತ್ತದೆ. ಒಂದೂವರೆ-ಎರಡು ಗಂಟೆಯೊಳಗೆ ಒತ್ತಡ ಇಳಿಸದಿದ್ದರೆ ನೋಟ ಮರಳಿ ಬರುವ ಭರವಸೆ ಕಮ್ಮಿಯಾಗುತ್ತಾ ಹೋಗುತ್ತದೆ. ಇಂಥದ್ದು ತೀರಾ ಅಪರೂಪ, ಅದನ್ನೂ ಹೇಳಬೇಕು. ಅಮೆರಿಕದ ರೆಪ್ಪೆ ಸರ್ಜನ್ನರು 2004ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಸುಮಾರು 2,000ಕ್ಕೆ ಒಬ್ಬರಿಗೆ ಹೀಗೆ ಕಣ್ಣಿನ ಹಿಂದೆ ರಕ್ತ ಸೇರುತ್ತದೆ, ಪೂರ್ತಿ ನೋಟ ಹೋಗುವುದು ಅದಕ್ಕಿಂತ ಎಷ್ಟೋ ಪಾಲು ಕಮ್ಮಿ. ಆದರೆ ಅದು ಬರುವುದಿದ್ದರೆ ಹೆಚ್ಚಾಗಿ ಬರುವುದು ಮೊದಲ 24 ಗಂಟೆಯಲ್ಲಿ. ಅಂದರೆ ಆ ಮೊದಲ ರಾತ್ರಿ!

ಆ ರಾತ್ರಿ ಡಾಕ್ಟರು ಎಲ್ಲಿರುತ್ತಾರೆ? ವಂದೇ ಭಾರತ್ ಹತ್ತಿ ಬೆಂಗಳೂರು ಸೇರಿ ಊಟ ಮಾಡಿ ಮಲಗಿರುತ್ತಾರೆ. ಇಲ್ಲಿಂದ 260 ಕಿಲೋಮೀಟರ್. ಕಾಯುವ ಎರಡು ಗಂಟೆಯಲ್ಲಿ ಅವರು ಚಿತ್ರದುರ್ಗಕ್ಕೆ ವಾಪಸು ಬಂದರೆ ದೊಡ್ಡದು.

ಹೊರಗಿನ ತಜ್ಞರು ಬರಲೇಬಾರದು ಅಂತ ನಾನು ಹೇಳುತ್ತಿಲ್ಲ. ಬರಲಿ. ಆದರೆ ಅವರು ರೈಲು ಹತ್ತಿದ ಮೇಲೆ ಈ ಊರಿನ ಯಾವ ಕಣ್ಣಿನ ಡಾಕ್ಟರು ಆ ಪೇಷಂಟಿಗೆ ಹೊಣೆ, ಅವರ ಮೊಬೈಲ್ ನಂಬರ್ ಏನು, ಇದನ್ನು ಕಾಗದದ ಮೇಲೆ ಬರೆದು ಕೈಗೆ ಕೊಡಲಿ. ಕೊಡಲಾರೆವು ಅಂದರೆ ನೀವು ದುಡ್ಡು ಜೇಬಿಗಿಟ್ಟುಕೊಂಡು ಎದ್ದು ಬನ್ನಿ.

ಇನ್ನು ಈ ಆಪರೇಷನ್ನಿನಲ್ಲಿ ಮಾಡುವುದೇನು? ಕೂರಿಸಿ ಪೆನ್ನಿನಲ್ಲಿ ಗೆರೆ ಎಳೆಯುತ್ತಾರೆ, ರೆಪ್ಪೆಗೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಮೇಲಿನ ರೆಪ್ಪೆಯಾದರೆ ಸಹಜ ಮಡಿಕೆಯಲ್ಲೇ ಕೊಯ್ದು, ಹೆಚ್ಚಾದ ಚರ್ಮ, ಬೇಕಾದರೆ ಚೂರು ಕೊಬ್ಬು ತೆಗೆದು ಹೊಲಿಯುತ್ತಾರೆ. ಗಾಯದ ಗೆರೆ ಮಡಿಕೆಯಲ್ಲಿ ಮುಚ್ಚಿಹೋಗುತ್ತದೆ. ಕೆಳರೆಪ್ಪೆಯಾದರೆ ಎವೆಯ ಬುಡದಲ್ಲಿ ಕೊಯ್ಯುತ್ತಾರೆ, ಇಲ್ಲವೇ ರೆಪ್ಪೆಯ ಒಳಬದಿಯಿಂದಲೇ ಕೊಬ್ಬು ಸರಿಮಾಡುತ್ತಾರೆ. ಒಳ್ಳೆಯ ಸರ್ಜನ್ ಚರ್ಮದ ವಿಷಯದಲ್ಲಿ ಜಿಪುಣನಾಗಿರಬೇಕು. ಹುಬ್ಬಿನ ಕೆಳಗಿನಿಂದ ಎವೆಯವರೆಗೆ ಸುಮಾರು 20 ಮಿಲಿಮೀಟರ್ ಚರ್ಮ ಉಳಿಯಲೇಬೇಕು. ಅದಕ್ಕಿಂತ ಕಮ್ಮಿಯಾದರೆ ಕಣ್ಣು ಮುಚ್ಚುವುದಿಲ್ಲ. ನಿದ್ದೆಯಲ್ಲೂ ಅರೆತೆರೆದ ಕಣ್ಣು ಒಣಗಿ, ಕರಿಗುಡ್ಡೆಗೆ ಹುಣ್ಣಾಗುತ್ತದೆ. ನಮ್ಮ ಟೈಲರಮ್ಮನೇ ಹೇಳಿದಳು: ‘ಬಟ್ಟೆ ಉದ್ದ ಉಳಿದ್ರೆ ಇನ್ನೊಂದು ಸಲ ಕತ್ತರಿಸಬಹುದು, ಗಿಡ್ಡ ಆದ್ರೆ ತೇಪೆನೇ ಗತಿ.’ ರೆಪ್ಪೆಗೂ ಅಷ್ಟೇ. ಬೇರೆ ಕಡೆಯ ಚರ್ಮ ತಂದು ತೇಪೆ ಹಾಕಬೇಕಾಗುತ್ತದೆ.

ಎಲ್ಲ ಜೋತ ರೆಪ್ಪೆಯೂ ಒಂದೇ ಅಲ್ಲ ಅನ್ನುವುದು ಇನ್ನೊಂದು ವಿಷಯ. ಚರ್ಮ ಸಡಿಲಾಗಿ ಜೋಲುವುದು ಬೇರೆ, ರೆಪ್ಪೆ ಎತ್ತುವ ಸ್ನಾಯುವೇ ಸೋತು ಇಳಿಯುವುದು ಬೇರೆ. ಎರಡನೆಯದಕ್ಕೆ ಚರ್ಮ ಕೊಯ್ದರೆ ದುಡ್ಡು ದಂಡ, ರೆಪ್ಪೆ ಇದ್ದಲ್ಲೇ ಇರುತ್ತದೆ. ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ಇಳಿಯುವ ರೆಪ್ಪೆ ನರ-ಸ್ನಾಯುವಿನ ಕಾಯಿಲೆಯ ಸೂಚನೆ ಇರಬಹುದು. ಇದ್ದಕ್ಕಿದ್ದಂತೆ ಒಂದು ರೆಪ್ಪೆ ಬಿದ್ದು, ಒಂದು ಎರಡಾಗಿ ಕಂಡರೆ ಬ್ಯೂಟಿ ಕ್ಲಿನಿಕ್ಕಿನ ದಾರಿ ಹಿಡಿಯಬೇಡಿ, ಸೀದಾ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಥೈರಾಯ್ಡಿನಿಂದಲೂ ರೆಪ್ಪೆ ಊದುತ್ತದೆ. ಆದ್ದರಿಂದ ಮೊದಲು ಚಿಗಟೇರಿ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲೋ, ನಿಮಗೆ ನಂಬಿಕೆಯಿರುವ ಕಣ್ಣಿನ ಡಾಕ್ಟರಲ್ಲೋ ಒಂದು ಸಲ ತೋರಿಸಿಕೊಳ್ಳಿ. ಕಣ್ಣೀರು ಸಾಕಷ್ಟಿದೆಯೇ ಅಂತ ರೆಪ್ಪೆಯೊಳಗೆ ಕಾಗದದ ಚೂರು ಸಿಕ್ಕಿಸಿ ಐದು ನಿಮಿಷ ನೋಡುವ ಪರೀಕ್ಷೆಯೊಂದಿದೆ. ಒಣಗಣ್ಣಿನವರಿಗೆ ಈ ಆಪರೇಷನ್ ಆದ ಮೇಲೆ ಉರಿ ಹೆಚ್ಚಾಗಬಹುದು. ಬಿಪಿ, ಸಕ್ಕರೆ ಹತೋಟಿಯಲ್ಲಿರಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಬಾಯಿಬಿಟ್ಟು ಹೇಳಲೇಬೇಕು. ಹಾಗಂತ ಹಾರ್ಟಿನ ಡಾಕ್ಟರನ್ನು ಕೇಳದೆ ತಾವೇ ನಿಲ್ಲಿಸಿಬಿಡುವುದು ಇನ್ನೂ ದೊಡ್ಡ ಅಪಾಯ.

‘ನೋವಿಲ್ಲ’ ಅನ್ನುವುದು ಹೆಚ್ಚುಕಮ್ಮಿ ನಿಜ. ಆದರೆ ಮಾರನೇ ದಿನ ಕನ್ನಡಿ ನೋಡಿದರೆ ಯಾರೋ ಮುಷ್ಟಿಯಲ್ಲಿ ಗುದ್ದಿದ ಹಾಗಿರುತ್ತದೆ. ನೀಲಿ-ಕಪ್ಪು ಬಣ್ಣ, ಊತ. ಐದರಿಂದ ಏಳು ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ, ಬಣ್ಣ ಇಳಿಯಲು ಹತ್ತು-ಹದಿನಾಲ್ಕು ದಿನ. ಅಷ್ಟರವರೆಗೆ ತಲೆದಿಂಬು ಎತ್ತರ, ಕೊಡ ಎತ್ತುವಂತಿಲ್ಲ, ಬಗ್ಗಿ ನೆಲ ಸಾರಿಸುವಂತಿಲ್ಲ, ಕಾಡಿಗೆ ಹಚ್ಚುವಂತಿಲ್ಲ. ಮಗಳ ಮದುವೆ ಇನ್ನು ಹತ್ತು ದಿನ ಇದೆ ಅಂತ ಓಡುವ ತಾಯಂದಿರು ಕೇಳಿಸಿಕೊಳ್ಳಿ, ಧಾರೆಯ ಫೋಟೋದಲ್ಲಿ ನಿಮ್ಮದೇ ಮುಖ ಬೇರೆ ಥರ ಬರುತ್ತದೆ. ಗಾಯದ ಗೆರೆ ಪೂರ್ತಿ ಮಾಸಲು ಆರು ತಿಂಗಳು, ಕೆಲವರಿಗೆ ವರ್ಷ. ಎರಡು ಕಣ್ಣೂ ಅಚ್ಚು ಹಾಕಿದ ಹಾಗೆ ಒಂದೇ ಥರ ಆಗುವುದಿಲ್ಲ. ಹುಟ್ಟಿದಾಗಲೂ ಇರಲಿಲ್ಲ ಬಿಡಿ. ಕಣ್ಣಿನ ಅಂಚಿನ ನೆರಿಗೆ, ಇಳಿದ ಹುಬ್ಬು, ಕೆಳಗಿನ ಕಪ್ಪು ವರ್ತುಲ ಇವೆಲ್ಲ ಇದರಿಂದ ಹೋಗುವಂಥದ್ದಲ್ಲ. ಕಪ್ಪು ಹೋಗುತ್ತೆ ಅಂತ ಕೆಳರೆಪ್ಪೆ ಕೊಯ್ಸಿಕೊಂಡು ಪೆಚ್ಚಾದವರು ಇದ್ದಾರೆ. ಗಂಡನ ಮನಸ್ಸು, ನಿಂತ ಪ್ರಮೋಷನ್ ಇವನ್ನೂ ಯಾವ ಸರ್ಜನ್ ಹೊಲಿದು ಕೊಡಲಾರ.

ದುಡ್ಡಿನ ಮಾತು. ಬರೀ ಚಂದಕ್ಕೆ ಮಾಡಿಸಿಕೊಂಡರೆ ವಿಮೆ ಕಂಪನಿ ಕೊಡುವುದಿಲ್ಲ. ಕಾಯಿಲೆಯ ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇದೆ, ಸೌಂದರ್ಯದ ಕೊಯ್ತಕ್ಕೆ ಇಲ್ಲ. ಹೇಳಿದ ರೇಟಿನಲ್ಲಿ ತೆರಿಗೆ, ಔಷಧಿ, ಮತ್ತೆ ತೋರಿಸಿಕೊಳ್ಳುವ ಫೀಸು ಸೇರಿದೆಯೇ, ಸರಿಯಾಗದಿದ್ದರೆ ಎರಡನೇ ಸಲದ ಖರ್ಚು ಯಾರದು, ಮೊದಲೇ ಕೇಳಿ ಬರೆಸಿಕೊಳ್ಳಿ.

ಕೇಳಬೇಕಾದ್ದು ಡಿಗ್ರಿಯನ್ನೂ. ‘ಕಾಸ್ಮೆಟಿಕ್ ಫಿಸಿಶಿಯನ್’, ‘ಏಸ್ತೆಟಿಕ್ ಎಕ್ಸ್‌ಪರ್ಟ್’ ಅಂತೆಲ್ಲ ಹೆಸರಿನ ಮುಂದೆ ಬಾಲ ಉದ್ದವಿದ್ದರೆ ಅನುಮಾನವೂ ಉದ್ದವಿರಲಿ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದವರೋ, ಕಣ್ಣಿನಲ್ಲಿ ಎಂಎಸ್ ಮಾಡಿ ರೆಪ್ಪೆಯ ಆಪರೇಷನ್ನಿನಲ್ಲೇ ಬೇರೆ ತರಬೇತಿ ಪಡೆದವರೋ, ವಿಚಾರಿಸಿ. ಕೂದಲು ನೆಡುವ ದಂಧೆ ಕೈಮೀರಿದಾಗ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಹೇಳಬೇಕಾಯಿತು, ವರ್ಕ್‌ಶಾಪ್ ನೋಡಿ, ಯೂಟ್ಯೂಬ್ ನೋಡಿ ಕಲಿತ ವಿದ್ಯೆ ಇಂಥ ಕೆಲಸಕ್ಕೆ ಸಾಲದು ಅಂತ. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಎಳೇ ವಯಸ್ಸಿನ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಸಿಕೊಳ್ಳಲು ಹೋಗಿ ಹೆಣವಾಗಿ ಬಂದಳು. ಆ ಗಲಾಟೆ ಟಿವಿಯಲ್ಲಿ ನಾಲ್ಕು ದಿನ ಓಡಿತು. ಆಮೇಲೆ ಎಲ್ಲರೂ ಮರೆತರು.

ಸಹಿಯ ವಿಚಾರಕ್ಕೆ ಬಂದರೆ ಹೊಟ್ಟೆ ಉರಿಯುತ್ತದೆ. ಟೈಲರಮ್ಮ ಸಹಿ ಹಾಕಿದ ಒಪ್ಪಿಗೆ ಪತ್ರವನ್ನು ನಾನೇ ನೋಡಿದೆ. ನಾಲ್ಕು ಪುಟ, ಪೂರ್ತಿ ಇಂಗ್ಲಿಷು. ‘ರಕ್ತಸ್ರಾವ’, ‘ದೃಷ್ಟಿ ನಷ್ಟ’ ಎರಡೂ ಅದರಲ್ಲಿ ಇವೆ, ಇಂಗ್ಲಿಷಿನಲ್ಲಿ! ಆಕೆ ಓದಿದ್ದು ಕನ್ನಡದಲ್ಲಿ ಏಳನೇ ಕ್ಲಾಸು. ‘ನಂಗೇನ್ ಗೊತ್ರಿ, ಇಲ್ಲಿ ಹಾಕು ಅಂದ್ರು, ಹಾಕ್ದೆ’ ಅಂದಳು. 2008ರಲ್ಲಿ ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ: ಏನು ಮಾಡುತ್ತೇವೆ, ಏಕೆ, ಅಪಾಯವೇನು, ಬೇರೆ ದಾರಿ ಏನಿದೆ ಎಂಬುದನ್ನು ರೋಗಿಗೆ ತಿಳಿಸಿ ಪಡೆದದ್ದೇ ಒಪ್ಪಿಗೆ. ಅರ್ಥವಾಗದ ಭಾಷೆಯ ನಾಲ್ಕು ಪುಟಕ್ಕೆ ಹಾಕಿಸಿಕೊಂಡ ಸಹಿ ಯಾವ ಸೀಮೆ ಒಪ್ಪಿಗೆ ಸ್ವಾಮಿ?

ಬ್ಯಾನರಿನ ಮಾತೂ ಹಾಗೇ. ವೈದ್ಯರ ನಡವಳಿಕೆಗೆ 2002ರ ನಿಯಮಾವಳಿ ಇದೆ. ಕ್ಲಿನಿಕ್ ಶುರುಮಾಡಿದೆ, ವಿಳಾಸ ಬದಲಾಯಿತು, ಫೀಸು ಇಷ್ಟು, ಇಂಥ ಪ್ರಕಟಣೆ ಕೊಡಬಹುದು. ಜಾಹೀರಾತು ಹಾಕಿ ಗಿರಾಕಿ ಕರೆಯುವಂತಿಲ್ಲ. ಹಬ್ಬದ ರಿಯಾಯಿತಿಗೆ ಸೀರೆ ಮಾರುವುದಕ್ಕೂ ರೆಪ್ಪೆ ಕೊಯ್ಯುವುದಕ್ಕೂ ವ್ಯತ್ಯಾಸ ಬೇಡವೇ? ಇದನ್ನು ಬರೆದದ್ದಕ್ಕೆ ನಮ್ಮ ಜಾಹೀರಾತು ಮ್ಯಾನೇಜರು ಮುಖ ಊದಿಸಿಕೊಳ್ಳುತ್ತಾರೆ. ಆ ಊತ ಎರಡು ದಿನಕ್ಕೆ ಇಳಿಯುತ್ತದೆ.

ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಮಾತು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ. ನೋಂದಣಿ ಮತ್ತು ದೂರಿನ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು, ತಾವೇ ಕಾರ್ಯದರ್ಶಿ. ನೋಂದಣಿ ನಂಬರು ಬೋರ್ಡಿನ ಮೇಲೆ ಕಾಣಬೇಕು, ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಬೋರ್ಡು ಅಂತ 2024ರಲ್ಲಿ ಇಲಾಖೆ ಆದೇಶ ಮಾಡಿದೆ. ಬಣ್ಣದ ತಪಾಸಣೆ ಆಗಲಿ, ಬೇಡ ಅನ್ನುವವರು ಯಾರು? ಆದರೆ ಒಂದು ಭಾನುವಾರ ಜೀಪು ಹತ್ತಿ ನಾಲ್ಕು ಕ್ಲಿನಿಕ್ ಸುತ್ತಿ ಬನ್ನಿ. ನೋಂದಣಿ ಯಾವುದಕ್ಕೆ ಪಡೆದಿದ್ದಾರೆ, ಒಳಗೆ ನಡೆಯುತ್ತಿರುವುದು ಯಾವುದು ಅಂತ ನೋಡಿ. ಒಪ್ಪಿಗೆ ಪತ್ರ ಕನ್ನಡದಲ್ಲಿದೆಯೇ ನೋಡಿ. ಆಮೇಲೆ ರಾತ್ರಿ ಒಂಬತ್ತಕ್ಕೆ ಅವರು ಪೇಷಂಟುಗಳಿಗೆ ಕೊಟ್ಟ ನಂಬರಿಗೆ ತಾವೇ ಒಂದು ಫೋನು ಮಾಡಿ, ‘ಕಣ್ಣು ಊದಿ ಮುಂದೆ ಬಂದಿದೆ, ಮಸುಕಾಗಿದೆ, ಈಗ ಎಲ್ಲಿಗೆ ಬರಲಿ’ ಅಂತ ಕೇಳಿ. ಐಸ್ ಇಡ್ರಿ ಅನ್ನುವ ಕ್ಲಿನಿಕ್ಕುಗಳ ಪಟ್ಟಿ ಸೋಮವಾರ ಬೆಳಿಗ್ಗೆ ತಮ್ಮ ಟೇಬಲ್ಲಿನ ಮೇಲಿರುತ್ತದೆ.