ವೈನಿನ ಮಹಿಮೆ

ಹೊಸ ಕಂಪ್ಯೂಟರಿನಲ್ಲಿ ಲಿನಕ್ಸ್ ನೆಲೆಗೊಂಡಂದಿನಿಂದ ತಂದೆಯವರ ಮುಖ ಬಾಡಿತ್ತು. ವಿಂಡೋಸ್ ಎಕ್ಸ್‌ಪಿಯೊಡನೆ ಬರುತ್ತಿದ್ದ ‘ಸ್ಪೇಸ್ ಕೆಡೆಟ್’ ಪಿನ್‌ಬಾಲ್ ಆಟ ಅವರ ನಿವೃತ್ತಿಯ ಸಂಜೆಗಳಿಗೆ ಸಂಗಾತಿ. ತವರಾದ ವಿಂಡೋಸೇ ವಿಸ್ತಾದ ಕಾಲಕ್ಕೆ ಅದನ್ನು ಹೊರಗಿಟ್ಟಿತು. ಇನ್ನು ಪರರ ಮನೆಯಲ್ಲಿ ಅದಕ್ಕೆ ಮಣೆ ಹಾಕುವವರಾರು?

“ವೈನ್ ತರಿಸಿದರೆ ಸರಿಹೋದೀತು, ಅಪ್ಪಾ” ಎಂದೆ. ಕನ್ನಡಕದ ಮೇಲಿನಿಂದ ಅವರು ಬೀರಿದ ನೋಟವನ್ನು ವಾಚಕ ಮಹಾಶಯರೇ ಊಹಿಸಿಕೊಳ್ಳಬೇಕು.

ಇದು 1993ರಲ್ಲಿ ಆರಂಭವಾದ ತಂತ್ರಾಂಶ. ಇದರ 1.0 ಆವೃತ್ತಿ ಹೊರಬರಲು ಹದಿನೈದು ವರ್ಷ ಹಿಡಿಯಿತೆಂದರೆ ಶ್ರಮವೆಷ್ಟಿರಬೇಕು! ಕಂಪ್ಯೂಟರಿನೊಳಗೆ ಮತ್ತೊಂದು ಕಂಪ್ಯೂಟರಿನ ವೇಷವನ್ನು ಇದು ಕಟ್ಟುವುದಿಲ್ಲ. ‘ಚಿತ್ರ ಬಿಡಿಸು, ಸದ್ದು ಮಾಡು’ ಎಂದು ಆಟವು ವಿಂಡೋಸಿನ ನುಡಿಯಲ್ಲಿ ಬೇಡಿದಾಗ, ಆ ಬೇಡಿಕೆಯನ್ನು ಲಿನಕ್ಸಿಗೆ ತಿಳಿಯುವ ಮಾತಿನಲ್ಲಿ ಒಪ್ಪಿಸುತ್ತದೆ; ದುಭಾಷಿಯ ಕೆಲಸ. ಭಾಷಾಂತರದ ಪಾಠ ಹೇಳುವ ನನಗೆ ಅದರ ಮೇಲೆ ತುಸು ಪಕ್ಷಪಾತವಿದ್ದರೆ ಕ್ಷಮಿಸಬೇಕು. ಎಲ್ಲ ಆಟಗಳೂ ಹೀಗೆ ಬಗ್ಗುವುದಿಲ್ಲ. ನಕಲು ತಡೆಯುವ ಬೀಗ ಹೊತ್ತ ಹಳೆಯ ಡಿಸ್ಕುಗಳು ಕೆಲವು ಹಟ ಹಿಡಿಯುತ್ತವೆ.

ಹಳೆಯ ಯಂತ್ರದಿಂದ ಆಟದ ಕಡತಗಳನ್ನು ತಂದು ವೈನಿಗೆ ಒಪ್ಪಿಸಿದೆ. ಚೆಂಡು ಉರುಳಿತು. ತಂದೆಯವರು ಮಾತಾಡಲಿಲ್ಲ, ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಆ ರಾತ್ರಿ ಊಟಕ್ಕೆ ಅಮ್ಮ ಮೂರು ಸಲ ಕೂಗಬೇಕಾಯಿತು.